ಮುಪ್ಪಿಗೊಂದು ಮನೆ: ದಾನವೋ, ಋಣವೋ?

ಇಂಗ್ಲೆಂಡಿನ ವಿಂಚೆಸ್ಟರ್ ಹೆಸರಿಗೆ ದೊಡ್ಡದು, ಅಳತೆಗೆ ಚಿಕ್ಕದು. ಒಂದು ಕಾಲಕ್ಕೆ ರಾಜರ ಊರು. ಇಂದು ಜನಸಂಖ್ಯೆಯ ಲೆಕ್ಕದಲ್ಲಿ ನಮ್ಮ ಸಾಗರ, ಶಿರಸಿಗಳ ಸಾಲಿನಲ್ಲಿ ಕೂರುವ ಪಟ್ಟಣ. ಅಲ್ಲಿಯ ಕೆಥೆಡ್ರಲ್ ಬಿಟ್ಟು ಇಚಿನ್ ಹೊಳೆಯ ಹುಲ್ಲುಗಾವಲು ಹಿಡಿದು ಒಂದು ಮೈಲಿಯಷ್ಟು ದಕ್ಷಿಣಕ್ಕೆ ನಡೆದರೆ ಸೇಂಟ್ ಕ್ರಾಸ್ ಎಂಬ ವೃದ್ಧರ ವಸತಿ ಸಿಗುತ್ತದೆ. ಕವಿ ಕೀಟ್ಸ್ 1819ರಲ್ಲಿ ಅಡ್ಡಾಡುತ್ತಿದ್ದ ಹಾದಿ ಅದು. ಬಾಗಿಲು ಕಾಯುವವನ ಕಿಂಡಿಯ ಮುಂದೆ ನಿಂತು, ದಾರಿಹೋಕರ ಪಾಲು ಕೊಡಿ ಎಂದು ಕೇಳಿದವರಿಗೆ ಒಂದು ತುಣುಕು ಬ್ರೆಡ್ಡು, ಕೊಂಬಿನ ಪುಟ್ಟ ಲೋಟದಲ್ಲಿ ಒಂದು ಗುಟುಕು ಬಿಯರು. ಕೇಳದವರಿಗೆ ಇಲ್ಲ. ಈ ಪದ್ಧತಿಗೆ ಒಂಬತ್ತು ಶತಮಾನ ಆಗುತ್ತ ಬಂತು.

1848ರ ಬೇಸಿಗೆಯಲ್ಲಿ ಅಮೆರಿಕದ ಚಿಂತಕ ಎಮರ್ಸನ್, ಗೆಳೆಯ ಥಾಮಸ್ ಕಾರ್ಲೈಲ್ ಜೊತೆ ಸ್ಟೋನ್‌ಹೆಂಜ್ ನೋಡಿಕೊಂಡು ಬಂದು, ಇಲ್ಲಿ ಇಳಿದು ಆ ಬ್ರೆಡ್ಡು-ಬಿಯರು ಕೇಳಿ ಪಡೆದ. ಏಳುನೂರು ವರ್ಷ ಕಡಿಯದೆ ನಡೆದುಬಂದ ಆತಿಥ್ಯ ಎಂದು ಎಮರ್ಸನ್‌ಗೆ ಬೆರಗು. ಕಾರ್ಲೈಲ್‌ಗೆ ಮಾತ್ರ ಪಿತ್ತ ನೆತ್ತಿಗೇರಿತು. ಬಡವರಿಗೆಂದು ಇಟ್ಟ ಹಣದಲ್ಲಿ ವರ್ಷಕ್ಕೆ 2,000 ಪೌಂಡು ತಾನು ನುಂಗಿ, ಚೂರುಪಾರು ಹಂಚುವ ಪಾದ್ರಿಗೆ ಅವನು ಶಾಪ ಹಾಕಿದ. ಒಂದೇ ಬಾಗಿಲಲ್ಲಿ ನಿಂತ ಇಬ್ಬರಿಗೆ ಕಂಡದ್ದು ಎರಡು. ವೃದ್ಧರಿಗೆ ಅಗ್ಗದ ಮನೆ ಕಟ್ಟುವ ಮಾತು ಎಲ್ಲಿ ಬಂದರೂ ಈ ಎರಡೂ ಜೊತೆಗೇ ಬರುತ್ತವೆ: ಕೊಟ್ಟವನ ಪುಣ್ಯ, ನಡುವೆ ಸೋರುವ ಹಣ. ಇವುಗಳ ಗಲಾಟೆಯಲ್ಲಿ ಮೂರನೆಯ ಪ್ರಶ್ನೆ ಕೇಳುವವರು ಕಡಿಮೆ. ಆ ಮನೆಯಲ್ಲಿ ಕೂತ ಮುದುಕನೋ ಮುದುಕಿಯೋ ಅದಕ್ಕೆ ಪ್ರತಿಯಾಗಿ ಏನನ್ನು ತೆರಬೇಕು?

ಸೇಂಟ್ ಕ್ರಾಸ್ ಕಟ್ಟಿಸಿದವನು ಹೆನ್ರಿ ಆಫ್ ಬ್ಲಾ. ವಿಂಚೆಸ್ಟರಿನ ಬಿಷಪ್, ದೊರೆ ಸ್ಟೀಫನ್‌ನ ತಮ್ಮ, ಇಂಗ್ಲೆಂಡನ್ನು ಗೆದ್ದ ವಿಲಿಯಮ್‌ನ ಮೊಮ್ಮಗ. 1130ರ ದಶಕದಲ್ಲಿ, ದುಡಿಯಲು ಕೈಲಾಗದ 13 ಮಂದಿ ಬಡವರಿಗೆ ಮನೆ, ಅದರ ಜೊತೆ ದಿನಕ್ಕೆ ನೂರು ಮಂದಿಗೆ ಬಾಗಿಲಲ್ಲಿ ಊಟ ಎಂದು ಗೊತ್ತುಮಾಡಿದ. ಮೂರು ಶತಮಾನದ ನಂತರ, 1445ರಲ್ಲಿ, ಕಾರ್ಡಿನಲ್ ಬ್ಯೂಫರ್ಟ್ ಎಂಬವನು ಇನ್ನೊಂದು ಬಗೆಯ ಜನರನ್ನು ಸೇರಿಸಿದ: ಬಾಳಿ ಬದುಕಿ ಕೆಟ್ಟವರು. ಹುಟ್ಟಿನಿಂದ ಬಡವರಲ್ಲ, ಆದರೆ ಮುಪ್ಪಿಗೆ ಕೈ ಬರಿದಾದವರು. ಇವತ್ತಿಗೂ ಹೆನ್ರಿಯ ಕಡೆಯವರು ಕಪ್ಪು ನಿಲುವಂಗಿ, ಬ್ಯೂಫರ್ಟನ ಕಡೆಯವರು ಕೆಂಪು ನಿಲುವಂಗಿ ತೊಡುತ್ತಾರೆ. ಒಟ್ಟು 25 ಮಂದಿಗೆ ಜಾಗ. ಒಬ್ಬೊಬ್ಬರಿಗೂ ಪ್ರತ್ಯೇಕ ಮನೆ, ಎತ್ತರದ ಚಿಮಣಿ, ನಡುವೆ ಹುಲ್ಲಿನ ಅಂಗಳ. ಬೆಳಗಿನ ಪ್ರಾರ್ಥನೆಗೆ ನಿಲುವಂಗಿ ತೊಟ್ಟು ಚರ್ಚಿಗೆ ಬರಬೇಕು ಎಂಬುದು ನಿಯಮ.

ಆ ಪ್ರಾರ್ಥನೆಯೇ ಬಾಡಿಗೆ. ಮಧ್ಯಯುಗದ ಯುರೋಪಿನಲ್ಲಿ ಇದು ಗುಟ್ಟಾಗಿರಲಿಲ್ಲ, ಒಪ್ಪಂದದ ಮುಖ್ಯ ಭಾಗವೇ ಆಗಿತ್ತು. ಸತ್ತ ಮೇಲೆ ಆತ್ಮ ನೇರ ಸ್ವರ್ಗಕ್ಕೆ ಹೋಗುವುದಿಲ್ಲ, ನಡುವೆ ಶುದ್ಧೀಕರಣದ ಬೆಂಕಿಯಲ್ಲಿ ಬೇಯಬೇಕು, ಬದುಕಿರುವವರ ಪ್ರಾರ್ಥನೆಯಿಂದ ಆ ಅವಧಿ ಕಡಿಮೆಯಾಗುತ್ತದೆ ಎಂಬುದು ಕ್ಯಾಥೊಲಿಕ್ ನಂಬಿಕೆ. ಬಡವರ ಮೊರೆ ದೇವರ ಕಿವಿಗೆ ಬೇಗ ಮುಟ್ಟುತ್ತದೆ ಎಂಬುದು ಅದರ ಮೇಲಿನ ನಂಬಿಕೆ. ಶ್ರೀಮಂತ ಮನೆ ಕೊಡುತ್ತಾನೆ, ಮುದುಕ ಅವನ ಆತ್ಮಕ್ಕಾಗಿ ದಿನಾ ಮೊರೆಯಿಡುತ್ತಾನೆ. ಇಬ್ಬರಲ್ಲಿ ಯಾರೂ ಯಾರಿಗೂ ಉಪಕಾರ ಮಾಡುತ್ತಿಲ್ಲ. ಇದೊಂದು ವಿನಿಮಯ. ಇಂದು ಇದನ್ನು ಓದಿದಾಗ ಕೊಂಚ ಇರುಸುಮುರುಸಾದರೂ ಒಂದು ಮಾತು ಒಪ್ಪಬೇಕು: ಈ ಲೆಕ್ಕದಲ್ಲಿ ಮುದುಕ ಭಿಕ್ಷುಕನಲ್ಲ. ಅವನ ಬಳಿಯೂ ಕೊಡಲಿಕ್ಕೆ ಒಂದು ವಸ್ತು ಇದೆ, ಅದು ದೊರೆಯ ತಮ್ಮನಿಗೂ ಬೇಕಾದದ್ದು.

ಇದೇ ಲೆಕ್ಕ ಅತಿ ನಿಚ್ಚಳವಾಗಿ ಕಾಣುವುದು ಜರ್ಮನಿಯ ಆಗ್ಸ್‌ಬುರ್ಗ್‌ನಲ್ಲಿ. ಯಾಕೋಬ್ ಫುಗರ್ ಎಂಬ ವರ್ತಕ 1521ರಲ್ಲಿ ದತ್ತಿಪತ್ರ ಬರೆದು ಸ್ಥಾಪಿಸಿದ ಫುಗರಾಯ್ ಈಗಲೂ ನಡೆಯುತ್ತಿದೆ. 67 ಮನೆಗಳಲ್ಲಿ 140 ಬಿಡಾರ, ನೂರೈವತ್ತರ ಆಸುಪಾಸು ಜನ, ಅವರಲ್ಲಿ ಬಹಳಷ್ಟು ಮಂದಿ ವಯಸ್ಸಾದವರು. ವರ್ಷದ ಬಾಡಿಗೆ ಒಂದು ರೈನ್ ಗಿಲ್ಡರ್ ಎಂದು ಫುಗರ್ ನಿಗದಿ ಮಾಡಿದ್ದ. ಐನೂರು ವರ್ಷದಲ್ಲಿ ಅದು ಏರಿಲ್ಲ. ಇಂದಿನ ನಾಣ್ಯದಲ್ಲಿ 88 ಸೆಂಟು, ಅಂದರೆ ನೂರು ರೂಪಾಯಿಯ ಆಸುಪಾಸು, ತಿಂಗಳಿಗಲ್ಲ, ವರ್ಷಕ್ಕೆ. ನೋಡಲು ಬರುವ ಪ್ರವಾಸಿ ಕೊಡುವ ಒಂದು ಟಿಕೆಟಿನ ದುಡ್ಡಿನಲ್ಲಿ ಒಳಗಿನವರ ಹಲವು ವರ್ಷದ ಬಾಡಿಗೆ ತೀರುತ್ತದೆ. ಇದರ ಮೇಲೆ ದಿನಕ್ಕೆ ಮೂರು ಪ್ರಾರ್ಥನೆ, ಸ್ಥಾಪಕನಿಗೂ ಅವನ ಮನೆತನಕ್ಕೂ. ಸೇರಲು ಕ್ಯಾಥೊಲಿಕ್ ಆಗಿರಬೇಕು, ಊರಿನವರಾಗಿರಬೇಕು, ಬಡವರಾಗಿರಬೇಕು, ಸಾಲ ಇರಕೂಡದು. ಮೊಜಾರ್ಟನ ಮುತ್ತಜ್ಜ, ಗಾರೆ ಕೆಲಸದ ಫ್ರಾನ್ಜ್ ಮೊಜಾರ್ಟ್, 1681ರಿಂದ ಸಾಯುವ ತನಕ ಇಲ್ಲೇ ಇದ್ದ.

ಫುಗರಾಯ್‌ನ ಓಣಿಗಳನ್ನು ನೋಡಿದರೆ ಹಳೆ ಮೈಸೂರಿನವರಿಗೆ ವಠಾರ ನೆನಪಾಗುತ್ತದೆ. ಹಳದಿ ಗೋಡೆಯ ಎರಡಂತಸ್ತಿನ ಸಾಲುಮನೆ, ಹಸಿರು ಕಿಟಕಿ ಬಾಗಿಲು, ಊರಿಗೂ ಒಳಕ್ಕೂ ನಡುವೆ ಗೇಟು. ರಾತ್ರಿ ಹತ್ತಕ್ಕೆ ಅದನ್ನು ಹಾಕುತ್ತಾರೆ, ತಡವಾಗಿ ಬಂದವರು ಕಾವಲುಗಾರನಿಗೆ ಚಿಲ್ಲರೆ ಕೊಟ್ಟು ಒಳಗೆ ಹೋಗಬೇಕು. ಆದರೆ ವಠಾರದಲ್ಲಿ ಇಲ್ಲದ್ದೊಂದು ಇಲ್ಲಿದೆ. ಕೆಳಗಿನ ಬಿಡಾರಕ್ಕೂ ಮೇಲಿನ ಬಿಡಾರಕ್ಕೂ ಓಣಿಗೆ ತೆರೆಯುವ ಬೇರೆ ಬೇರೆ ಬಾಗಿಲು. ಒಬ್ಬರ ಮನೆ ಹಾದು ಇನ್ನೊಬ್ಬರ ಮನೆಗೆ ಹೋಗುವ ಹಂಗಿಲ್ಲ. ಬಾಗಿಲ ಪಕ್ಕದಲ್ಲಿ ಗಂಟೆ ಎಳೆಯುವ ಕಬ್ಬಿಣದ ಹಿಡಿಗಳಿವೆ, ಅವುಗಳ ಆಕಾರ ಒಂದೊಂದು ಬಾಗಿಲಿಗೆ ಒಂದೊಂದು. ಬೀದಿದೀಪ ಇಲ್ಲದ ಕಾಲದಲ್ಲಿ ಕತ್ತಲಲ್ಲಿ ಬಂದವರು ಕೈಯಿಂದ ಮುಟ್ಟಿ ನೋಡಿಯೇ ಇದು ನನ್ನ ಮನೆ ಎಂದು ಗುರುತಿಸುತ್ತಿದ್ದರು. ಕಣ್ಣು ಮಂಜಾದ ಮುದುಕರಿಗೆ ಹಗಲಲ್ಲೂ ಅದು ಕೆಲಸಕ್ಕೆ ಬಂದಿರಬೇಕು.

ಫುಗರ್ ಸಂತನೇನಲ್ಲ. ಗಣಿ, ಬಟ್ಟೆ, ಲೇವಾದೇವಿಯಲ್ಲಿ ಬೆಳೆದ ಯುರೋಪಿನ ಕುಬೇರ. 1519ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ಮತದಾರ ದೊರೆಗಳಿಗೆ ಸುರಿದ ಹಣದಲ್ಲಿ ದೊಡ್ಡ ಪಾಲು ಇವನದು. ಬಡ್ಡಿ ತಿನ್ನುವುದು ಪಾಪ ಎಂದು ಚರ್ಚು ಸಾರುತ್ತಿದ್ದ ಕಾಲದಲ್ಲಿ, ಶೇ 5ರ ಬಡ್ಡಿ ಪಾಪವಲ್ಲ ಎಂದು ವಾದ ಹೂಡಿದ ಪಂಡಿತ ಯೊಹಾನ್ ಎಕ್‌ಗೆ ಬೆನ್ನಾಗಿ ನಿಂತವನೂ ಇವನೇ. ಪಾಪಕ್ಷಮೆಯ ಪತ್ರ ಮಾರಿ ಬಂದ ಹಣದಲ್ಲಿ ಅರ್ಧ, ಮೈನ್ಜ್‌ನ ಆರ್ಚ್‌ಬಿಷಪ್ ಮಾಡಿದ್ದ ಸಾಲದ ಬಾಬ್ತು ಇವನ ತಿಜೋರಿಗೇ ಬರುತ್ತಿತ್ತು. ಆ ಪತ್ರಗಳ ವಿರುದ್ಧವೇ ಮಾರ್ಟಿನ್ ಲೂಥರ್ 1517ರಲ್ಲಿ ತನ್ನ 95 ವಾದಗಳನ್ನು ಮುಂದಿಟ್ಟದ್ದು. ಕ್ಷಮಾಪತ್ರ ಕೊಳ್ಳುವುದಕ್ಕಿಂತ ಬಡವನಿಗೆ ಕೊಡುವುದು ಮೇಲು ಎಂಬುದು ಅವುಗಳಲ್ಲೊಂದು. ಮರುವರ್ಷ ಲೂಥರನನ್ನು ಕಾರ್ಡಿನಲ್ ಕಾಯೆತಾನ್ ವಿಚಾರಣೆಗೆ ಕರೆಸಿದ್ದು ಆಗ್ಸ್‌ಬುರ್ಗ್‌ಗೆ, ಕೂರಿಸಿದ್ದು ಫುಗರ್‌ನ ಮನೆಯಲ್ಲಿ.

ಹಾಗಾದರೆ ಫುಗರಾಯ್ ಕೂಡ ಒಂದು ಕ್ಷಮಾಪತ್ರವೇ, ಇಟ್ಟಿಗೆಯಲ್ಲಿ ಬರೆದದ್ದು? ಹೌದೆನ್ನುವುದು ಸುಲಭ. ಆದರೆ ದತ್ತಿಪತ್ರದಲ್ಲಿ ಒಂದು ಸೂಕ್ಷ್ಮ ಇದೆ. ಮನೆ ಬೀದಿಯಲ್ಲಿ ಬೇಡುವವರಿಗಲ್ಲ. ದುಡಿದೂ ಬಡವರಾಗಿರುವ, ಬೇಡಲು ನಾಚುವ ಕುಶಲಕರ್ಮಿಗಳಿಗೆ, ಕೂಲಿಗಳಿಗೆ. ಆ ಕಾಲಕ್ಕೆ ಒಂದು ಗಿಲ್ಡರ್ ಎಂದರೆ ಕುಶಲಕರ್ಮಿಗೆ ಕೆಲವೇ ವಾರಗಳ ದುಡಿಮೆ. ಕೊಡಲು ಸಾಧ್ಯವಾದ, ಆದರೆ ಕೊಟ್ಟೆ ಎಂದು ಹೇಳಿಕೊಳ್ಳಬಹುದಾದ ಮೊತ್ತ. ಬಾಡಿಗೆ ಕೊಟ್ಟವನು ಬಾಡಿಗೆದಾರ, ಅವನ ಬಾಗಿಲು ಅವನದು. ಉಚಿತ ಎಂದಿದ್ದರೆ ಅದೇ ಮನುಷ್ಯ ಆಶ್ರಿತನಾಗುತ್ತಿದ್ದ. ಪ್ರಾರ್ಥನೆ ಮಾಡಿದರೋ ಇಲ್ಲವೋ ಎಂಬುದು ನಿವಾಸಿಯ ಅಂತಃಸಾಕ್ಷಿಗೆ ಬಿಟ್ಟದ್ದು. ಗಿಲ್ಡರ್ ಮಾತ್ರ ಲೆಕ್ಕಕ್ಕೆ ಬೇಕು. ಫುಗರ್‌ನ ವ್ಯಾಪಾರ ಬುದ್ಧಿ ಅವನ ಧರ್ಮಬುದ್ಧಿಗಿಂತ ಹೆಚ್ಚು ಕರುಣೆ ತೋರಿಸಿತು ಅನ್ನಿಸುತ್ತದೆ.

ಇಂಗ್ಲೆಂಡಿನಲ್ಲಿ ಮುಂದೆ ವಿಚಿತ್ರ ನಡೆಯಿತು. ಪ್ರಾಟೆಸ್ಟೆಂಟ್ ಮತ ಬಂದು ಶುದ್ಧೀಕರಣದ ಬೆಂಕಿಯೇ ಇಲ್ಲ ಎಂದಿತು. 1547ರ ಕಾನೂನು ಸತ್ತವರಿಗಾಗಿ ಪ್ರಾರ್ಥಿಸಲು ಇಟ್ಟ ದತ್ತಿಗಳನ್ನು ಮುಟ್ಟುಗೋಲು ಹಾಕಿತು. ಅಂದರೆ ಬಾಡಿಗೆಯ ನಾಣ್ಯವೇ ಚಲಾವಣೆ ಕಳೆದುಕೊಂಡಿತು. ಆದರೂ ಸೇಂಟ್ ಕ್ರಾಸ್‌ನಂಥ ವೃದ್ಧರ ಮನೆಗಳು ಉಳಿದವು, ಹೊಸ ಶತಮಾನಗಳಲ್ಲಿ ಹೊಸ ವರ್ತಕರು ಹೊಸವನ್ನೂ ಕಟ್ಟಿಸಿದರು. ಸ್ವರ್ಗದ ಲಾಭ ಇಲ್ಲದಿದ್ದರೂ ಮನುಷ್ಯರು ಮುದುಕರಿಗೆ ಮನೆ ಕಟ್ಟುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅವರು ಪ್ರಾರ್ಥನೆಯ ಬದಲು ಹೆಸರು ಕೇಳಿದರು, ಗೋಡೆಯ ಮೇಲೆ ಕಲ್ಲಿನಲ್ಲಿ.

ನಮ್ಮ ಕಡೆ ಈ ವಿನಿಮಯ ಹೇಗಿತ್ತು? ವೃಂದಾವನವನ್ನು ನೋಡಬಹುದು. ಗಂಡ ಸತ್ತು ಮನೆಯವರಿಗೆ ಬೇಡವಾದ ಹೆಂಗಸರು, ಬಂಗಾಳದವರೇ ಹೆಚ್ಚು, ಅಲ್ಲಿಯ ಭಜನಾಶ್ರಮಗಳಲ್ಲಿ ಗಂಟೆಗಟ್ಟಲೆ ಕೂತು ನಾಮ ಹಾಡಿ ಒಂದಿಷ್ಟು ಅಕ್ಕಿಬೇಳೆ, ಚಿಲ್ಲರೆ ಕಾಸು ಪಡೆಯುತ್ತ ಬಂದರು. ಹಾಡಿದರೆ ಊಟ, ಗಂಟಲು ಕಟ್ಟಿದರೆ ಇಲ್ಲ. ಭಜನೆಯ ಫಲ ದಾನಿಗೆ. ವಿಂಚೆಸ್ಟರಿನ ಬಿಷಪ್ ಇದನ್ನು ನೋಡಿದ್ದರೆ ಕೂಡಲೇ ಗುರುತು ಹಿಡಿಯುತ್ತಿದ್ದ. ವ್ಯತ್ಯಾಸ ಇಷ್ಟೇ, ಅವನು ಪ್ರಾರ್ಥನೆ ಕೇಳಿದ್ದು ಮನೆ ಕೊಟ್ಟ ಮೇಲೆ. ಇಲ್ಲಿ ಮನೆಯ ಮಾತೇ ಇರಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟು ಈ ಹೆಂಗಸರ ಸ್ಥಿತಿಯ ಬಗ್ಗೆ ಛೀಮಾರಿ ಹಾಕಿತು, 2018ರಲ್ಲಿ ಅಲ್ಲಿ ಸಾವಿರ ಮಂದಿ ಇರಬಹುದಾದ ಕೃಷ್ಣ ಕುಟೀರ ಎಂಬ ವಸತಿ ತೆರೆದುಕೊಂಡಿತು.

ಕಾಶಿಯದು ಇನ್ನೊಂದು ದಾರಿ. ಅಲ್ಲಿ ಸತ್ತರೆ ಮುಕ್ತಿ ಎಂಬ ನಂಬಿಕೆಯ ಮೇಲೆ ಮುಮುಕ್ಷು ಭವನ, ಮುಕ್ತಿ ಭವನ ಹುಟ್ಟಿಕೊಂಡವು. ದಾಲ್ಮಿಯಾ ಮನೆತನದ ದತ್ತಿಯಿಂದ 1958ರಿಂದ ನಡೆದ ಮುಕ್ತಿ ಭವನದಲ್ಲಿ ಸಾಯಲು ಬಂದವರಿಗೆ ಎರಡು ವಾರದ ಗಡುವು. ಅಷ್ಟರಲ್ಲಿ ಪ್ರಾಣ ಹೋಗದಿದ್ದರೆ ಸಾಧಾರಣವಾಗಿ ಊರಿಗೆ ಹೊರಡಬೇಕು. ನಗು ಬರುವಂತಿದ್ದರೂ ಇದರಲ್ಲಿ ಒಂದು ನೇರತನ ಇದೆ. ಯುರೋಪಿನಲ್ಲಿ ಮುದುಕರ ಮನೆ ಎದ್ದದ್ದು ಕೊಟ್ಟವನ ಸದ್ಗತಿಗಾಗಿ. ಕಾಶಿಯಲ್ಲಿ ಎದ್ದದ್ದು ಒಳಗೆ ಮಲಗಿದವನ ಸದ್ಗತಿಗಾಗಿ. ಆದರೆ ಸಾವಿಗೆ ಜಾಗ ಕೊಡುವುದು ಬೇರೆ, ಸಾವಿಗೆ ಮೊದಲು ಹತ್ತಿಪ್ಪತ್ತು ವರ್ಷ ಬಾಳಲಿಕ್ಕೆ ಜಾಗ ಕೊಡುವುದು ಬೇರೆ. ಮುಪ್ಪು ಎಂದರೆ ಸಾವಿಗೆ ಕಾಯುವ ಕೋಣೆ ಎಂಬ ಎಣಿಕೆ ನಮ್ಮ ಧರ್ಮಚಿಂತನೆಯಲ್ಲಿ ಬಹಳ ಆಳಕ್ಕೆ ಇಳಿದಿದೆ.

ಶಾಸ್ತ್ರ ಏನು ಹೇಳುತ್ತದೆ? ದಾನದ ವಿಷಯದಲ್ಲಿ ಗೀತೆಯ ಹದಿನೇಳನೆಯ ಅಧ್ಯಾಯ ಖಡಾಖಂಡಿತವಾಗಿದೆ. ಪ್ರತ್ಯುಪಕಾರ ಮಾಡಲಾಗದವನಿಗೆ, ಕೊಡಬೇಕು ಎಂಬ ಒಂದೇ ಕಾರಣಕ್ಕೆ ಕೊಟ್ಟದ್ದು ಸಾತ್ವಿಕ. ಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ. ಈ ಅಳತೆಗೋಲಿನಲ್ಲಿ ಹೆನ್ರಿ, ಫುಗರ್ ಇಬ್ಬರೂ ರಾಜಸದ ಪಂಕ್ತಿಗೆ. ಆದರೆ ಏನನ್ನು ಕೊಡಬೇಕು ಎಂಬ ಪಟ್ಟಿ ನೋಡಿದರೆ ನಮಗೂ ಕೊಂಚ ಮುಜುಗರ. ಪೂರ್ತ ಕರ್ಮ ಎಂದು ಹಿಂದಿನವರು ಎಣಿಸಿದ ಲೋಕೋಪಕಾರದ ಕೆಲಸಗಳಲ್ಲಿ ಬಾವಿ, ಕೆರೆ, ತೋಪು, ದೇವಾಲಯ, ಅನ್ನದಾನ ಬರುತ್ತವೆ. ಮುದುಕರಿಗೊಂದು ಮನೆ ಎಂಬುದು ಆ ಪ್ರಸಿದ್ಧ ಪಟ್ಟಿಯಲ್ಲಿ ಇಲ್ಲ. ಅದರ ಅಗತ್ಯ ಬೀಳುತ್ತದೆ ಎಂದು ಅವರಿಗೆ ತೋರಲಿಲ್ಲ. ಮಗ ಇದ್ದಾನಲ್ಲ.

ಆ ಮಗನ ಮೇಲಿರುವ ಪಿತೃಋಣವಾದರೂ ಏನು? ತೈತ್ತಿರೀಯ ಸಂಹಿತೆಯ ಪ್ರಕಾರ ಋಷಿಋಣ ತೀರುವುದು ಬ್ರಹ್ಮಚರ್ಯದಿಂದ, ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ. ಅಪ್ಪನ ಸಾಲ ತೀರಿಸುವುದು ಎಂದರೆ ತಾನೊಬ್ಬ ಅಪ್ಪನಾಗುವುದು. ಜೀವಂತ ಇರುವ ಅಪ್ಪನಿಗೆ ನೆಲಮಹಡಿಯಲ್ಲಿ ಒಂದು ಕೋಣೆ, ಕಾಲು ಜಾರದ ಬಚ್ಚಲು ಎಂಬುದು ಈ ಖಾತೆಯಲ್ಲಿ ಜಮೆಯಾಗುವುದಿಲ್ಲ. ಇದ್ದಾಗ ಕೇಳದವರು ಶ್ರಾದ್ಧಕ್ಕೆ ಲಕ್ಷ ಸುರಿಯುವ ಸಂಪ್ರದಾಯದ ಬೇರು ಇಲ್ಲೇ ಎಲ್ಲೋ ಇರಬೇಕು.

ಈ ವಿಷಯದಲ್ಲಿ ಮೋಕ್ಷಶಾಸ್ತ್ರಕ್ಕಿಂತ ಅರ್ಥಶಾಸ್ತ್ರವೇ ಹೆಚ್ಚು ಧರ್ಮಿಷ್ಠ. ಕೌಟಿಲ್ಯ ಎರಡು ಮಾತು ಹೇಳುತ್ತಾನೆ. ಶಕ್ತಿಯಿದ್ದೂ ತಂದೆತಾಯಿಯನ್ನು, ಹೆಂಡತಿ ಮಕ್ಕಳನ್ನು ಸಾಕದವನಿಗೆ ಹನ್ನೆರಡು ಪಣ ದಂಡ. ದಿಕ್ಕಿಲ್ಲದ ಮಕ್ಕಳನ್ನು, ಮುದುಕರನ್ನು, ಕಷ್ಟದಲ್ಲಿರುವವರನ್ನು ರಾಜನೇ ಸಾಕಬೇಕು. ಪುಣ್ಯದ ಸುದ್ದಿಯೇ ಇಲ್ಲ.

ಕರ್ನಾಟಕದ ನೆಲದಲ್ಲೂ ಇದಕ್ಕೆ ಒಂದು ಕಲ್ಲಿನ ಸಾಕ್ಷಿ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠ ಕಾಳಾಮುಖ ಶೈವರ ಕೇಂದ್ರ. ಬಿಜ್ಜಳನ ಕಾಲದ, 1162ರ ಶಾಸನ ಆ ಮಠವನ್ನು ಬಣ್ಣಿಸುತ್ತ ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೇ ಇನ್ನೊಂದು ಪಟ್ಟಿ ಕೊಡುತ್ತದೆ: ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುಗಾರರಿಗೆ, ವಾದ್ಯದವರಿಗೆ ಅನ್ನ, ರೋಗಿಗಳಿಗೆ ಮದ್ದು, ಎಲ್ಲ ಜೀವಕ್ಕೂ ಅಭಯ. ತರ್ಕ ಕಲಿಸುವ ಜಾಗವೂ ಕೈಲಾಗದವರ ಜಾಗವೂ ಒಂದೇ ಪ್ರಾಕಾರದೊಳಗೆ. ಇಂದು ಬಳ್ಳಿಗಾವೆಗೆ ಹೋದವರಿಗೆ ಕೇದಾರೇಶ್ವರ ಗುಡಿ ಕಾಣುತ್ತದೆ, ಆಸ್ಪತ್ರೆಯೂ ಅನ್ನಶಾಲೆಯೂ ಶಾಸನದಲ್ಲಷ್ಟೇ ಉಳಿದಿವೆ. ಕಲ್ಲಿಗೆ ಉಳಿಯುವ ಶಕ್ತಿ ಇದೆ, ಸೇವೆಗೆ ಉಳಿಯಲು ಆದಾಯ ಬೇಕು.

ಮಗನ ಮನೆಯೇ ಎಲ್ಲಕ್ಕಿಂತ ಮೇಲು, ಈ ಆಶ್ರಮಗಳೆಲ್ಲ ಪರದೇಶದ ಚಾಳಿ ಎನ್ನುವವರು ಮಹಾಭಾರತದ ಆಶ್ರಮವಾಸಿಕ ಪರ್ವವನ್ನು ಒಮ್ಮೆ ತೆರೆಯಬೇಕು. (ಗದಾಪರ್ವಕ್ಕೇ ಕಥೆ ನಿಲ್ಲಿಸಿದ ಕುಮಾರವ್ಯಾಸನಲ್ಲಿ ಇದು ಸಿಗುವುದಿಲ್ಲ, ನಮ್ಮ ಗಮಕದ ಕಟ್ಟೆಗಳಲ್ಲಿ ಈ ಭಾಗ ಕೇಳಿಬರದಿರುವುದಕ್ಕೆ ಅದೂ ಕಾರಣ.) ಯುದ್ಧ ಮುಗಿದ ಮೇಲೆ ಕುರುಡ ಧೃತರಾಷ್ಟ್ರ ಹದಿನೈದು ವರ್ಷ ಧರ್ಮರಾಯನ ಅರಮನೆಯಲ್ಲೇ ಇದ್ದ. ಊಟ, ವಸ್ತ್ರ, ಮರ್ಯಾದೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ಭೀಮ ಮಾತ್ರ ಮುದುಕನ ಕಿವಿಗೆ ಬೀಳುವಂತೆ ತೋಳು ತಟ್ಟಿ, ನಿನ್ನ ಮಕ್ಕಳನ್ನು ಕೊಂದ ತೋಳುಗಳು ಇವು ಎಂದು ಆಡುತ್ತಿದ್ದ. ಧರ್ಮರಾಯನಿಗೆ ಗೊತ್ತಾಗದ ಹಾಗೆ. ಮುದುಕ ಕಾಡಿಗೆ ಹೊರಟದ್ದು ಮನು ಹೇಳಿದ ಹಾಗೆ ಕೂದಲು ನರೆತು ಮೊಮ್ಮಗನ ಮುಖ ಕಂಡದ್ದಕ್ಕಲ್ಲ, ಈ ಮಾತು ತಾಳಲಾರದೆ. ಅವನ ಜೊತೆ ಗಾಂಧಾರಿ ಹೊರಟಳು, ಮಕ್ಕಳು ಗೆದ್ದು ಸಿಂಹಾಸನದಲ್ಲಿದ್ದ ಕುಂತಿಯೂ ಹೊರಟಳು. ಮಕ್ಕಳು ಬೇಡಿಕೊಂಡರೂ ನಿಲ್ಲಲಿಲ್ಲ.

ಮನೆಯೊಳಗೂ ಬಾಡಿಗೆ ಇದೆ ಎಂಬುದು ಇಲ್ಲಿಯ ಸತ್ಯ. ಅದನ್ನು ಮುದುಕರು ಮೌನದಲ್ಲಿ, ಮೊಮ್ಮಕ್ಕಳನ್ನು ನೋಡಿಕೊಳ್ಳುವುದರಲ್ಲಿ, ಕೆಲವೊಮ್ಮೆ ಆಸ್ತಿ ಬರೆದುಕೊಡುವುದರಲ್ಲಿ ತೆರುತ್ತಾರೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಗೆ ಇದು ಗೊತ್ತು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, 23ನೇ ಕಲಮಿನ ಪ್ರಕಾರ ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಅಪ್ಪ ಮಗನಿಗೆ ಕೊಡುವುದೂ ಫಲಾಪೇಕ್ಷೆಯ ದಾನವೇ ಎಂದು ಕಾನೂನು ಒಪ್ಪಿಕೊಂಡಂತಾಯಿತು. ಹಾಗೆ ಕೇಳಲು ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಯ ಮೆಟ್ಟಿಲು ಹತ್ತಬೇಕು. ಮಂಡಿ ನೋಯುವ ವಯಸ್ಸಿನಲ್ಲಿ ಹೆತ್ತ ಮಗನನ್ನೇ ಎದುರುದಾರನಾಗಿ ನಿಲ್ಲಿಸಬೇಕು.

ಅದೇ ಕಾಯ್ದೆಯ 19ನೇ ಕಲಮು ಕೌಟಿಲ್ಯನ ಇನ್ನೊಂದು ಮಾತಿಗೆ ಸಮ. ರಾಜ್ಯ ಸರ್ಕಾರ ಹಂತಹಂತವಾಗಿ, ಜಿಲ್ಲೆಗೆ ಕನಿಷ್ಠ ಒಂದರಂತೆ, ತಲಾ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಮ ತೆರೆಯಬಹುದು. ತೆರೆಯಲೇಬೇಕು ಎಂದು ಹೇಳುವ ಧೈರ್ಯ ಸಂಸತ್ತಿಗೆ ಬರಲಿಲ್ಲ. 150 ಎಂಬ ಅಂಕಿಯೂ ಗಮನಿಸುವಂಥದ್ದೇ. ಅಷ್ಟು ಜನಕ್ಕೆ ಒಂದೇ ಕಡೆ ಎಂದ ಕೂಡಲೇ ಅಧಿಕಾರಿಯ ಕಣ್ಣಿಗೆ ಬರುವುದು ಊರಾಚೆಯ ಸರ್ಕಾರಿ ಜಾಗ, ಉದ್ದನೆಯ ಹಾಲು, ಸಾಲುಮಂಚ. ಸೇಂಟ್ ಕ್ರಾಸ್ 25ಕ್ಕೆ ನಿಲ್ಲಿಸಿತು. ಫುಗರಾಯ್ ನೂರೈವತ್ತನ್ನು ಇಟ್ಟುಕೊಂಡಿತು ನಿಜ, ಆದರೆ ಪ್ರತಿಯೊಂದು ಬಿಡಾರಕ್ಕೂ ಬೀದಿಬಾಗಿಲು ಕೊಟ್ಟು.

ಕೈಗೆಟುಕುವ ಬೆಲೆ ಎಂದರೆ ಎಷ್ಟು ಎಂಬ ಬಗ್ಗೆ ಸರ್ಕಾರದ ಎರಡು ಇಲಾಖೆಗಳು ಪರಸ್ಪರ ಮಾತಾಡಿದಂತಿಲ್ಲ. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ. ಅತ್ತ ಜಿಎಸ್‌ಟಿ ನಿಯಮದಲ್ಲಿ, ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮ ಒಬ್ಬರಿಂದ ತಿಂಗಳಿಗೆ 25,000 ರೂಪಾಯಿವರೆಗೆ ಪಡೆದರೂ ತೆರಿಗೆ ವಿನಾಯಿತಿ. ಒಂದು ಲೆಕ್ಕದ ಬಡತನಕ್ಕೂ ಇನ್ನೊಂದು ಲೆಕ್ಕದ ಧರ್ಮಕ್ಕೂ ನಡುವೆ ಇಪ್ಪತ್ತು ಪಟ್ಟು ಅಂತರ. ಆ ಅಂತರದಲ್ಲಿ ಇರುವವರು ಯಾರು? ಖಾಸಗಿ ಶಾಲೆಯ ನಿವೃತ್ತ ಮೇಷ್ಟರು, ಅಂಗಡಿ ಮುಚ್ಚಿದ ದರ್ಜಿ, ಅಡುಗೆ ಕೆಲಸ ಮಾಡಿ ಮಕ್ಕಳನ್ನು ಓದಿಸಿದ ಅಮ್ಮ. ನಿರ್ಗತಿಕರ ಪಟ್ಟಿಗೆ ಇವರು ಸೇರುವುದಿಲ್ಲ, ಗೇಟೆಡ್ ಬಡಾವಣೆಯ ಠೇವಣಿಗೆ ಎಟುಕುವುದಿಲ್ಲ. ಕಾರ್ಡಿನಲ್ ಬ್ಯೂಫರ್ಟ್ 1445ರಲ್ಲಿ ಕೆಂಪು ನಿಲುವಂಗಿ ಹೊಲಿಸಿದ್ದು ಬಾಳಿ ಕೆಟ್ಟವರಿಗೆ. ಇವರು ಬಾಳಿದವರೂ ಅಲ್ಲ, ಕೆಟ್ಟವರೂ ಅಲ್ಲ. ಫುಗರ್‌ನ ಬೇಡಲು ನಾಚುವ ಕುಶಲಕರ್ಮಿಗಳಿಗೇ ಇವರು ಹತ್ತಿರ.

ಹಣ ಎಲ್ಲಿಂದ ಎಂಬುದಕ್ಕೆ ಬರೋಣ, ಯಾಕೆಂದರೆ ಕಾರ್ಲೈಲ್‌ನ ಶಾಪ ಇನ್ನೂ ಬಾಕಿ ಇದೆ. ಅವನು ಬೈದ ಪಾದ್ರಿ ಗಿಲ್‌ಫರ್ಡಿನ ಅರ್ಲ್, ಫ್ರಾನ್ಸಿಸ್ ನಾರ್ತ್. ವಿಂಚೆಸ್ಟರಿನ ಬಿಷಪ್ ಆಗಿದ್ದ ಅಪ್ಪನೇ 1808ರಲ್ಲಿ ಸೇಂಟ್ ಕ್ರಾಸ್‌ನ ಮುಖ್ಯಸ್ಥಗಿರಿಯನ್ನು ಮಗನಿಗೆ ಕೊಟ್ಟಿದ್ದ. ಭೂಮಿಯ ಆದಾಯ ಬೆಳೆಯಿತು, ಮುದುಕರ ಪಾಲು ಬೆಳೆಯಲಿಲ್ಲ, ಮಿಕ್ಕಿದ್ದೆಲ್ಲ ಅರ್ಲ್‌ನ ಜೇಬಿಗೆ. 1853ರಲ್ಲಿ ನ್ಯಾಯಾಲಯ ಅವನ ವಿರುದ್ಧ ತೀರ್ಪಿತ್ತಿತು, 1855ರಲ್ಲಿ ಅವನು ಜಾಗ ಖಾಲಿ ಮಾಡಿದ. ಅದೇ ವರ್ಷ ಆಂಟನಿ ಟ್ರಾಲಪ್‌ನ ‘ದಿ ವಾರ್ಡನ್’ ಕಾದಂಬರಿ ಬಂತು. ಅದರ ನಾಯಕ, ಇಂಥದ್ದೇ ವೃದ್ಧರ ವಸತಿಯ ಮುಖ್ಯಸ್ಥ ಹಾರ್ಡಿಂಗ್, ಅರ್ಲ್‌ನಂಥ ಖದೀಮನಲ್ಲ. ತಾನು ತಿನ್ನುತ್ತಿರುವುದು ಮುದುಕರ ಪಾಲೇನೋ ಎಂಬ ಸಂಶಯ ಬಂದದ್ದಕ್ಕೇ 800 ಪೌಂಡಿನ ಕೆಲಸ ಬಿಟ್ಟು ಹೊರಡುವ ಸಜ್ಜನ. ಕಾದಂಬರಿಯ ಕಹಿ ಅದರ ಮುಂದಿದೆ. ಅವನು ಹೋದ ಮೇಲೆ ಅಲ್ಲಿಯ ಹನ್ನೆರಡು ಮುದುಕರಿಗೆ ಆಸೆ ತೋರಿಸಿದ್ದ ಹಣ ಬರುವುದಿಲ್ಲ, ಸ್ನೇಹದಿಂದ ನೋಡಿಕೊಳ್ಳುತ್ತಿದ್ದ ಮನುಷ್ಯನೂ ಇಲ್ಲ. ಲೆಕ್ಕ ಸರಿಯಾಗುತ್ತದೆ, ಮನೆ ಪಾಳು ಬೀಳುತ್ತದೆ. ವೃದ್ಧಾಶ್ರಮ ನಡೆಸುವ ಯಾವ ಟ್ರಸ್ಟಿಯೂ ಓದಬೇಕಾದ ಪುಸ್ತಕ.

ಫುಗರಾಯ್ ಐನೂರು ವರ್ಷ ನಿಂತದ್ದರ ಗುಟ್ಟು ಪ್ರಾರ್ಥನೆಯಲ್ಲಿ ಇಲ್ಲ, ಕಾಡಿನಲ್ಲಿದೆ. ದತ್ತಿಯ ಹಣವನ್ನು ಫುಗರ್‌ನ ವಂಶದವರು ಕಾಲಕ್ರಮದಲ್ಲಿ ನಗದಾಗಿ ಇಡದೆ ಅರಣ್ಯಭೂಮಿಯ ಮೇಲೆ ಹಾಕಿದರು. ಮರ ಬೆಳೆಯುತ್ತದೆ, ಮರದ ಬೆಲೆಯೂ ಬೆಳೆಯುತ್ತದೆ. ಬಾಡಿಗೆ ನಿಂತಲ್ಲೇ ನಿಂತರೂ ಖರ್ಚಿಗೆ ಕಾಡು ದುಡಿಯುತ್ತದೆ. 1944ರ ಫೆಬ್ರವರಿಯ ಬಾಂಬು ದಾಳಿಯಲ್ಲಿ ಬಹುಭಾಗ ಸುಟ್ಟುಹೋದಾಗ ಕೆಲವೇ ದಿನದಲ್ಲಿ ಮನೆತನ ಸಭೆ ಸೇರಿ ಮರಳಿ ಕಟ್ಟುವ ತೀರ್ಮಾನ ಮಾಡಿತು. ನಮ್ಮ ವಾನಪ್ರಸ್ಥದಲ್ಲಿ ಮುದುಕರು ಕಾಡಿಗೆ ಹೋಗಬೇಕಿತ್ತು. ಅಲ್ಲಿ ಕಾಡೇ ಊರಿಗೆ ಬಂದು ಮುದುಕರನ್ನು ಸಾಕುತ್ತಿದೆ.

ನಮ್ಮಲ್ಲಿ ನಡೆದದ್ದು ಇದರ ತದ್ವಿರುದ್ಧ. ಗುಡಿ, ಮಠ, ಛತ್ರಗಳ ಇನಾಂ ಜಮೀನುಗಳನ್ನು ಮೈಸೂರು ರಾಜ್ಯ 1955ರ ಕಾಯ್ದೆಯಿಂದ ರದ್ದು ಮಾಡಿತು. ಉತ್ತ ರೈತನಿಗೆ ಹೊಲ ಸಿಕ್ಕಿತು, ಅದು ನ್ಯಾಯವೇ. ಆದರೆ ಸಂಸ್ಥೆಗಳಿಗೆ ಪರಿಹಾರವಾಗಿ ಬಂದದ್ದು ವರ್ಷಕ್ಕಿಷ್ಟು ಎಂಬ ತಸ್ತೀಕು. ಅಲ್ಲಿ ಬಾಡಿಗೆ ನಗದಿನಲ್ಲಿ ಗಟ್ಟಿಯಾಗಿ ನಿಂತು ಆದಾಯ ಬೆಳೆಯಿತು. ಇಲ್ಲಿ ಆದಾಯ ನಗದಿನಲ್ಲಿ ಗಟ್ಟಿಯಾಗಿ ನಿಂತು ಖರ್ಚು ಬೆಳೆಯಿತು. ದೀಪದ ಎಣ್ಣೆಗೇ ಸಾಲದ ಹಣದಲ್ಲಿ ದೀನರನ್ನು ಸಾಕುವ ಮಾತೆಲ್ಲಿ? ದಾರಿಹೋಕರಿಗೆಂದು ಕಟ್ಟಿಸಿದ ಹಳೆಯ ಛತ್ರಗಳು ಎಷ್ಟೋ ಊರುಗಳಲ್ಲಿ ಮದುವೆಗೆ ಬಾಡಿಗೆ ಹೋಗುತ್ತಿವೆ, ಮದುವೆಯಿಲ್ಲದ ತಿಂಗಳಲ್ಲಿ ಬೀಗ.

ಸಣ್ಣ ಊರಿಗೆ ಒಂದು ಅನುಕೂಲ ಇನ್ನೂ ಉಳಿದಿದೆ. ಶಿವಮೊಗ್ಗ, ಹಾಸನ, ಧಾರವಾಡದಂಥ ಕಡೆ ಪೇಟೆ, ಗುಡಿ, ಜಿಲ್ಲಾಸ್ಪತ್ರೆ, ಬಸ್‌ಸ್ಟ್ಯಾಂಡು ಆಟೋದ ಕನಿಷ್ಠ ದರದೊಳಗೆ ಸಿಗುತ್ತವೆ. ಮುದುಕರಿಗೆ ಬೇಕಾದದ್ದು ಅದೇ: ನೆಲಮಟ್ಟದ ಬಾಗಿಲು, ಹಿಡಿಯಲು ಒಂದು ಕಂಬಿ ಇರುವ ಬಚ್ಚಲು, ಸಂಜೆ ತರಕಾರಿ ತರುವ ನೆಪದಲ್ಲಿ ನಾಲ್ಕು ಜನರ ಮುಖ. ಬೈಪಾಸಿನಾಚೆ ಎರಡು ಎಕರೆ ದಾನವಾಗಿ ಬಂತು ಎಂದು ಅಲ್ಲಿ ಕಟ್ಟಿದರೆ ಅದು ದಾನಿಯ ಅನುಕೂಲ, ವಾಸಿಸುವವರದ್ದಲ್ಲ. ಊರೊಳಗಿನ ಒಂದು ಹಳೇ ಛತ್ರ, ಅದರಲ್ಲಿ ಹತ್ತು ಹದಿನೈದು ಬಿಡಾರ, ಬೇರೆ ಬೇರೆ ಬಾಗಿಲು: ಜಿಲ್ಲೆಗೊಂದು ಬೃಹತ್ ಆಶ್ರಮಕ್ಕಿಂತ ವಾರ್ಡಿಗೊಂದು ಇಂಥದ್ದು ಮೇಲು.

ಇನ್ನು ಪ್ರತಿಫಲದ ಮಾತು. ಇಂದು ನಮ್ಮ ಟ್ರಸ್ಟುಗಳು ಯಾರನ್ನೂ ಶುದ್ಧೀಕರಣದ ಬೆಂಕಿಯಿಂದ ಪಾರುಮಾಡಲು ಕೇಳುವುದಿಲ್ಲ. ಕೇಳುವುದು ಬೇರೆ. ದಾನಿಯ ಮಗುವಿನ ಹುಟ್ಟುಹಬ್ಬದ ದಿನ ಸಾಲಾಗಿ ಕೂತು ಕೇಕು ತಿನ್ನಬೇಕು, ಫೋಟೋಕ್ಕೆ ಕೈಮುಗಿಯಬೇಕು, ಸಂಜೆ ಆರಕ್ಕೆ ಭಜನೆಗೆ ಬರಬೇಕು, ಸಸ್ಯಾಹಾರವೇ ಉಣ್ಣಬೇಕು, ಜಾತಿಯ ಕಾಲಂ ತುಂಬಬೇಕು. ಸಾತ್ವಿಕ ದಾನದ ಅಳತೆಯಲ್ಲಿ ಇವೆಲ್ಲ ಬಾಡಿಗೆಯೇ, ಅದೂ 88 ಸೆಂಟಿಗಿಂತ ಬಹಳ ದುಬಾರಿ. ಒಬ್ಬ ಮುದುಕಿಗೆ ದೇವರ ಮೇಲೆ ಮುನಿಸಿರಬಹುದು. ಆ ಮುನಿಸು ಇಟ್ಟುಕೊಂಡು ಬಾಳುವ ಹಕ್ಕು ಅವಳ ಕೋಣೆಯ ಬೀಗದಷ್ಟೇ ಅವಳದು.

ಕಲ್ಯಾಣಮಂಟಪಕ್ಕೆ ನಕ್ಷೆ ಹಾಕಿಸುತ್ತಿರುವ ಮಠದವರು, ಸಮುದಾಯ ಭವನಕ್ಕೆ ಅನುದಾನ ಕೇಳುತ್ತಿರುವ ಸಂಘದವರು, ಬಜೆಟ್ ಸಭೆಗೆ ಹೋಗುವ ನಗರಸಭೆ ಸದಸ್ಯರು ಒಂದು ಕೆಲಸ ಮಾಡಬಹುದು. ಅದೇ ನಕ್ಷೆಯ ನೆಲಮಹಡಿಯಲ್ಲಿ ಹತ್ತು ಬಿಡಾರ ಸೇರಿಸಿ. ಸಂಧ್ಯಾ ಸುರಕ್ಷಾದ 1,200ರಲ್ಲಿ ಕೊಟ್ಟು ಮಿಗುವಷ್ಟು ಬಾಡಿಗೆ ಇಡಿ, ರಸೀದಿ ಕೊಡಿ, ಮೇಲಿನ ಮಂಟಪದ ಮದುವೆ ಆದಾಯದಲ್ಲಿ ಇಂತಿಷ್ಟು ಪಾಲು ಕೆಳಗಿನ ಖರ್ಚಿಗೆ ಎಂದು ಟ್ರಸ್ಟ್ ಪತ್ರದಲ್ಲೇ ಬರೆಸಿ, ಆ ಲೆಕ್ಕವನ್ನು ಪ್ರತಿವರ್ಷ ನಿವಾಸಿಗಳ ಮುಂದೆ ಓದಿ. ಭಜನೆ ಮೇಲೆ ನಡೆಯಲಿ, ಬರಬೇಕೆನಿಸಿದವರು ಬರುತ್ತಾರೆ.